ಬಳೆಯೇ ಲಂಗ, ಹಾರವೇ ಡಾಬು: ತೊಡಬಹುದಾದ ಮರದ ಗೊಂಬೆಯ ವಿನ್ಯಾಸ

ಗೊಂಬೆಯನ್ನು ಬಿಚ್ಚಿ ಒಡವೆ ಮಾಡಿಕೊಳ್ಳುವಂತೆ ರಚಿಸುವುದು ಅಂಥ ಕಷ್ಟದ ಕೆಲಸವಲ್ಲ. ತಲೆಗೊಂದು ಕೊಂಡಿ ಹಾಕಿದರೆ ಪದಕ, ಕೈಗಳಿಗೆ ಕೊಕ್ಕೆ ಹಾಕಿದರೆ ಓಲೆ, ಸೊಂಟದ ಸುತ್ತಿನದು ಬಳೆ. ಕಷ್ಟವೆಲ್ಲ ಇರುವುದು ಆಮೇಲೆ ಏನು ಉಳಿಯುತ್ತದೆ ಅನ್ನುವುದರಲ್ಲಿ. ಪೀಠದ ಮೇಲೆ ಒಂದು ಬೋಳು ಕಡ್ಡಿ ನಿಂತಿರುತ್ತದೆ. ಮಗುವಿನ ಕೈಯಲ್ಲಿ ಬಳೆ ಬಂತು, ಆದರೆ ಗೊಂಬೆ ಹೋಯಿತು. ಆ ಮಗು ಎರಡನೇ ಸಲ ಅದನ್ನು ಬಿಚ್ಚಲು ಮನಸ್ಸು ಮಾಡುವುದಿಲ್ಲ, ಇಲ್ಲವೇ ಬಿಚ್ಚಿದ್ದನ್ನು ಮತ್ತೆ ಜೋಡಿಸುವುದಿಲ್ಲ. ಎರಡರಲ್ಲಿ ಯಾವುದಾದರೂ ವಿನ್ಯಾಸ ಸೋತಂತೆಯೇ.

ಹಾಗಾಗಿ ಇಲ್ಲಿ ಹೇಳಹೊರಟಿರುವ ಗೊಂಬೆಗೆ ಒಂದೇ ಕಟ್ಟಳೆ: ಒಡವೆಯಷ್ಟನ್ನೂ ತೆಗೆದ ಮೇಲೂ ಗೊಂಬೆ ಗೊಂಬೆಯಾಗಿಯೇ ನಿಂತಿರಬೇಕು. ಅಂದರೆ ಗೊಂಬೆಯ ಅಂಗಗಳು ಒಡವೆಯಾಗಬಾರದು, ಅದರ ಉಡುಗೆ ಒಡವೆಯಾಗಬೇಕು. ಈ ಒಂದು ತೀರ್ಮಾನ ಮಾಡಿಕೊಂಡರೆ ಮುಂದಿನ ಅಳತೆ, ಮರ, ಬಣ್ಣ ಎಲ್ಲಕ್ಕೂ ದಾರಿ ತೆರೆದುಕೊಳ್ಳುತ್ತದೆ.

ಪ್ಲಾಸ್ಟಿಕ್ ಆಟಿಕೆಯವರು ಈ ಹಾದಿಯಲ್ಲಿ ಮೊದಲೇ ನಡೆದಿದ್ದಾರೆ. ಮ್ಯಾಟೆಲ್ ಕಂಪನಿ 1960ರ ದಶಕದಲ್ಲಿ ತಂದ ಲಿಡಲ್ ಕಿಡಲ್ಸ್ ಸಾಲಿನಲ್ಲಿ ಲಾಕೆಟ್ಟಿನೊಳಗೆ, ಉಂಗುರದೊಳಗೆ ಕೂರುವ ಪುಟಾಣಿ ಗೊಂಬೆಗಳಿದ್ದವು. 1980ರ ದಶಕದಲ್ಲಿ ಗಲೂಬ್ ಕಂಪನಿಯ ಸ್ವೀಟ್ ಸೀಕ್ರೆಟ್ಸ್ ಬಂತು. ಹರಳಿನ ಪದಕವನ್ನು ಬಿಡಿಸಿದರೆ ಕೈಕಾಲು ಹೊರಬಂದು ಗೊಂಬೆಯಾಗುತ್ತಿತ್ತು. 1989ರಲ್ಲಿ ಬ್ಲೂಬರ್ಡ್ ಮಾರುಕಟ್ಟೆಗೆ ತಂದ ಪಾಲಿ ಪಾಕೆಟ್‌ನಲ್ಲೂ ಕೊರಳಿಗೆ, ಬೆರಳಿಗೆ ಹಾಕಿಕೊಳ್ಳುವ ಮಾದರಿಗಳಿದ್ದವು. ಇವೆಲ್ಲ ಸಾಧ್ಯವಾದದ್ದು ಅಚ್ಚಿನಲ್ಲಿ ಎರಕ ಹೊಯ್ದ ಸಣ್ಣ ಕೀಲುಗಳಿಂದ. ಮರದಲ್ಲಿ ಅದನ್ನೇ ಮಾಡಹೋದರೆ ಕೆಡುತ್ತದೆ. ಎರಡು ಮಿಲಿಮೀಟರಿನ ಸ್ಕ್ರೂ ಮರದ ಎಳೆಯನ್ನು ಸೀಳುತ್ತದೆ, ನೂರು ಸಲ ತೆರೆದು ಮುಚ್ಚುವಷ್ಟರಲ್ಲಿ ತೂತು ದೊಡ್ಡದಾಗಿ ಕೀಲು ಕಿತ್ತು ಬರುತ್ತದೆ. ಮರಕ್ಕೆ ಮರದ ಬುದ್ಧಿಯಲ್ಲೇ ಪರಿಹಾರ ಹುಡುಕಬೇಕು.

ಕೀಲು ಬೇಡವಾದರೆ ಆಯಸ್ಕಾಂತ ಇದೆಯಲ್ಲ ಅನ್ನುವವರಿದ್ದಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಗುಂಡಿಯಷ್ಟು ಸಣ್ಣ ನಿಯೋಡಿಮಿಯಂ ಆಯಸ್ಕಾಂತಗಳು ಎರಡು ಮಗುವಿನ ಹೊಟ್ಟೆ ಸೇರಿದರೆ, ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದುಕೊಂಡು ಅಲ್ಲಿ ತೂತು ಬೀಳಿಸುತ್ತವೆ. 2006ರಲ್ಲಿ, ಆಗ ಪಾಲಿ ಪಾಕೆಟ್ ಮಾರುತ್ತಿದ್ದ ಮ್ಯಾಟೆಲ್ ಅದರ ಲಕ್ಷಾಂತರ ಸೆಟ್ಟುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇದೇ ಕಾರಣಕ್ಕೆ: ಒಳಗಿನ ಸಣ್ಣ ಆಯಸ್ಕಾಂತ ಕಳಚಿ ಬರುತ್ತಿತ್ತು. ಮರಕ್ಕೆ ಅಂಟಿಸಿದ ಆಯಸ್ಕಾಂತ ಕಳಚುವ ಸಾಧ್ಯತೆ ಇನ್ನೂ ಹೆಚ್ಚು, ಯಾಕೆಂದರೆ ಮಳೆಗಾಲ ಬೇಸಿಗೆಗಳಲ್ಲಿ ಮರ ಉಬ್ಬಿ ಕುಗ್ಗುತ್ತದೆ, ಲೋಹ ಹಾಗೆ ಮಾಡುವುದಿಲ್ಲ. ನಡುವಿನ ಅಂಟು ಸೋಲುತ್ತದೆ.

ಕೀಲೂ ಬೇಡ, ಆಯಸ್ಕಾಂತವೂ ಬೇಡ ಅಂದಮೇಲೆ ಚನ್ನಪಟ್ಟಣದ ಲೇತ್ ಕೆಲಸದತ್ತ ನೋಡಬೇಕು. ಅಲ್ಲಿ ಒಂದೇ ಯಂತ್ರದಲ್ಲಿ, ಒಂದೇ ಮರದಿಂದ, ಒಂದೇ ಅರಗಿನಿಂದ ಬೊಂಬೆಯೂ ಆಗುತ್ತದೆ, ಬಳೆಯೂ ಆಗುತ್ತದೆ, ಮಣಿಯೂ ಆಗುತ್ತದೆ. ಈ ಮೂರನ್ನೂ ಒಟ್ಟಿಗೆ ಕೂರಿಸುವುದಕ್ಕೆ ಬೇಕಾದ್ದು ಅಳತೆಯ ಲೆಕ್ಕ ಮಾತ್ರ.

ಲೆಕ್ಕ ಶುರುವಾಗುವುದು ಮಣಿಕಟ್ಟಿನಿಂದ

ಸಾಮಾನ್ಯವಾಗಿ ಮೊದಲು ಗೊಂಬೆಯ ಚಿತ್ರ ಬರೆದು, ಆಮೇಲೆ ಅದರಲ್ಲಿ ಬಳೆ ಎಲ್ಲಿ ಕೂರಿಸೋಣ ಎಂದು ಹುಡುಕುತ್ತಾರೆ. ಇದು ತಿರುಗುಮುರುಗು. ಗೊಂಬೆಯ ಸೊಂಟ ಎಷ್ಟಿದ್ದರೂ ನಡೆಯುತ್ತದೆ, ಮನುಷ್ಯರ ಕೈ ಹಾಗಲ್ಲ. ಬಳೆ ಅಂಗಡಿಯಲ್ಲಿ 2-4 ಅಂದರೆ ಎರಡು ಇಂಚು ಮತ್ತು ಒಂದು ಇಂಚಿನ ಹದಿನಾರನೇ ನಾಲ್ಕು ಭಾಗ, ಅಂದರೆ ಒಳವ್ಯಾಸ 57.2 ಮಿ.ಮೀ. 2-2 ಅಂದರೆ 54, 2-6 ಅಂದರೆ 60.3, 2-8 ಅಂದರೆ 63.5. ಒಂದು ಸೈಜಿನಿಂದ ಮುಂದಿನದಕ್ಕೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಇಷ್ಟು ಕಡಿಮೆ ಅಂತರದಲ್ಲೇ ಬಳೆ ಸಲೀಸಾಗಿ ಏರುವುದೂ ಗೆಣ್ಣಿನ ಹತ್ತಿರ ಸಿಕ್ಕಿಕೊಳ್ಳುವುದೂ ತೀರ್ಮಾನವಾಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಗಾಜಿನ ಬಳೆ ತೆಳು. ಗೆಣ್ಣಿನ ಮೇಲೆ ಹಾಯುವಾಗ ಅದನ್ನು ಓರೆ ಮಾಡಿ, ಒಂದು ಕಡೆಯಿಂದ ಮೊದಲು ದಾಟಿಸಬಹುದು. 12 ಮಿ.ಮೀ ಅಗಲದ ಮರದ ಬಳೆ ಹಾಗೆ ಓರೆಯಾಗುವುದಿಲ್ಲ. ಗಾಜಿನಲ್ಲಿ 2-2 ತೊಡುವವರಿಗೆ ಇದು 2-4 ಬೇಕಾಗುತ್ತದೆ. ಈ ಒಂದು ಸೈಜಿನ ವ್ಯತ್ಯಾಸವನ್ನು ಕೊಳ್ಳುವವರಿಗೆ ಮೊದಲೇ ಹೇಳದಿದ್ದರೆ ಕೈಗೇರದ ಬಳೆಗಳು ಗೊಂಬೆಯ ಮೈಮೇಲೇ ಉಳಿದುಬಿಡುತ್ತವೆ. ಮುಂದಿನ ಲೆಕ್ಕವೆಲ್ಲ 2-4ಕ್ಕೆ.

ಲಂಗಕ್ಕೆ ಆರು ಬಳೆ, ಪ್ರತಿಯೊಂದೂ 12 ಮಿ.ಮೀ ಎತ್ತರ, ಒಟ್ಟು 72. ಒಳವ್ಯಾಸ ಆರಕ್ಕೂ ಒಂದೇ. ತೊಡುವ ಕೈ ಒಂದೇ ತಾನೆ. ಹಾಗಾದರೆ ಲಂಗಕ್ಕೆ ಕೆಳಗೆ ಘೇರು ಬರುವುದು ಹೇಗೆ? ಹೊರವ್ಯಾಸವನ್ನು ಬದಲಿಸಿ. ಕೆಳಗಿನವು 84 ಮಿ.ಮೀ, ನಡುವಿನವು 76, ಮೇಲಿನವು 69. ಒಳಗೆ ನೆಟ್ಟಗಿನ ಕೊಳವೆ, ಹೊರಗೆ ಅಗಲವಾಗುತ್ತ ಇಳಿಯುವ ಲಂಗ.

ಆರು ಬಳೆಗೆ ಆರು ಬೇರೆ ಬೇರೆ ಹೊರವ್ಯಾಸ ಕೊಟ್ಟರೆ ಲಂಗ ಗಂಟೆಯ ಹಾಗೆ ನಯವಾಗಿ ಇಳಿಯುತ್ತದೆ, ನೋಡಲು ಅದೇ ಚೆನ್ನ. ಆದರೂ ಅದನ್ನು ಬಿಡಬೇಕು. ನಮ್ಮಲ್ಲಿ ಬಳೆ ತೊಡುವುದು ಎರಡು ಕೈಗೆ, ಜೋಡಿ ಜೋಡಿಯಾಗಿ. ಒಂದಕ್ಕೊಂದು ಹೊಂದದ ಆರು ಬಳೆ ಸಿಕ್ಕಿದರೆ ಒಂದು ಕೈಗೆ ಹಾಕಿಕೊಂಡು ಇನ್ನೊಂದನ್ನು ಬರಿದು ಬಿಡಬೇಕಾಗುತ್ತದೆ. ಎರಡೆರಡರಂತೆ ಮೂರು ಜೋಡಿ ಮಾಡಿದರೆ ಲಂಗಕ್ಕೆ ಮೂರು ಮೆಟ್ಟಿಲಿನ ಅಂಚು ಬರುತ್ತದೆ, ಅದಕ್ಕೂ ಒಂದು ಚೆಂದವಿದೆ. ಪ್ರತಿ ಕೈಗೂ ದಪ್ಪದ್ದೊಂದು, ನಡುವಿನದೊಂದು, ತೆಳುವಿನದೊಂದು ಸಿಗುತ್ತದೆ. ಒಂದು ಕೈಯ ಮೂರೂ ಸೇರಿ ತೂಕ 45ರಿಂದ 50 ಗ್ರಾಂ ಆಸುಪಾಸು. ಗೊಂಬೆಯ ಚೆಲುವು ಮತ್ತು ತೊಡುವವರ ಅಗತ್ಯ ಎದುರುಬದುರಾದಾಗ ತೊಡುವವರ ಪರ ನಿಲ್ಲಬೇಕು. ಗೊಂಬೆಯ ರೂಪವನ್ನು ಇನ್ನೊಂದು ದಾರಿಯಿಂದ ಸರಿಮಾಡಬಹುದು, ಹೊಂದದ ಬಳೆಯನ್ನು ಸರಿಮಾಡಲಾಗದು.

ತೆಳು ಬಳೆಗೆ 69 ಅಂದದ್ದು ಸುಮ್ಮನೆ ಅಲ್ಲ. ಗೋಡೆಯ ದಪ್ಪ 6 ಮಿ.ಮೀ ಇರಲೇಬೇಕು ಅನ್ನುವುದರಿಂದ ಬಂದ ಅಳತೆ ಅದು. ಲೇತಿನಲ್ಲಿ ಕೊರಡನ್ನು ಉದ್ದುದ್ದ ಹಿಡಿದು ಕಡೆಯುವಾಗ ಮರದ ಎಳೆ ಬಳೆಯ ಸುತ್ತ ಓಡುವುದಿಲ್ಲ, ಬಳೆಯ ಅಗಲದ ದಿಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಬಳೆಯನ್ನು ಹಿಗ್ಗಿಸುವ ಯಾವ ಬಲವಾದರೂ ಎಳೆಗಳನ್ನು ಅಕ್ಕಪಕ್ಕಕ್ಕೆ ಬಿಡಿಸಲು ನೋಡುತ್ತದೆ. ಮರ ಅತ್ಯಂತ ದುರ್ಬಲವಾಗಿರುವುದು ಇದೇ ದಿಕ್ಕಿನಲ್ಲಿ. ಇಂಥ ಬಾಗುವಿಕೆಗೆ ಎದುರಾಗುವ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಗೋಡೆಯನ್ನು 6ರಿಂದ 4ಕ್ಕೆ ಇಳಿಸಿದರೆ ದಪ್ಪ ಮೂರನೇ ಒಂದು ಭಾಗ ಕಡಿಮೆಯಾಯಿತು, ಬಲ ಮಾತ್ರ ಅರ್ಧಕ್ಕಿಂತಲೂ ಕೆಳಗೆ ಹೋಯಿತು. ನಾಜೂಕಾಗಿ ಕಾಣಲಿ ಎಂದು ತೆಳುವಾಗಿ ಕಡೆದ ಮರದ ಬಳೆಗಳು ಬಾಗಿಲಿನ ಚೌಕಟ್ಟಿಗೆ ಒಮ್ಮೆ ತಾಗಿದರೆ ಸಾಕು, ಸೀಳುತ್ತವೆ. ಪರೀಕ್ಷೆ ಸುಲಭ: ಬಳೆಯನ್ನು ಒಂದು ಗೂಟಕ್ಕೆ ನೇತುಹಾಕಿ, ಅದರ ಕೆಳಬದಿಗೆ ದಾರದಲ್ಲಿ 3 ಕಿಲೋ ತೂಕ ಒಂದು ನಿಮಿಷ ತೂಗುಬಿಡಿ, ಆಮೇಲೆ ಬಳೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ. ಎರಡು ಸಲವೂ ಚಿಟಕ್ ಎನ್ನದೆ ತಡೆದರೆ ಆ ಕೊರಡಿನ ಮರ ಒಳ್ಳೆಯದು.

ಒಳಗಿನ ಗೊಂಬೆ

ಈಗ ಬಳೆಗಳ ಒಳಗೆ ನಿಲ್ಲುವ ಮೈ. ಇದು ಕಡ್ಡಿಯಲ್ಲ, ಮುಖವುಳ್ಳ, ಬಣ್ಣದ ರವಿಕೆ ತೊಟ್ಟ, ಒಳಲಂಗ ಉಟ್ಟ ಪೂರ್ತಿ ಗೊಂಬೆ. ಬಳೆಗಳನ್ನು ತೆಗೆಯುವುದು ಹಾಕುವುದು ಅದರ ತಲೆಯ ಮೇಲಿಂದ. ತಿರುಪು ಬಿಚ್ಚುವುದಿಲ್ಲ, ಏನನ್ನೂ ಕೀಳುವುದಿಲ್ಲ. ಉಡುಗೆ ತೊಡಿಸಿದ ಹಾಗೆ. ಹೀಗೆ ಆಗಬೇಕಾದರೆ ಪೀಠವೊಂದನ್ನು ಬಿಟ್ಟು ಗೊಂಬೆಯ ಮೈಯ ಯಾವ ಭಾಗವೂ 57.2ನ್ನು ಮುಟ್ಟಬಾರದು.

ಪೀಠ 92 ಮಿ.ಮೀ ಅಗಲ, 12 ದಪ್ಪ. ಅದರ ಮೇಲೆ 72 ಎತ್ತರದ ಒಳಲಂಗ, ವ್ಯಾಸ 55. ಆಮೇಲೆ 36ಕ್ಕೆ ಇಳಿದ ಸೊಂಟ, ಎತ್ತರ 26. ಎದೆ ಭುಜ ಸೇರಿ 28, ಭುಜದ ಅಗಲ 46. ಕತ್ತು 6. ತಲೆ 42ರ ಗುಂಡು. ಒಟ್ಟು 186, ಹೆಚ್ಚುಕಡಿಮೆ ಒಂದು ಗೇಣು. ಕೈಗಳನ್ನು ಬೇರೆಯಾಗಿ ಜೋಡಿಸಬೇಡಿ, ಮೈಮೇಲೇ ಬಣ್ಣದಲ್ಲಿ ಬರೆಯಿರಿ. ಚಾಚಿದ ಕೈ ಬಳೆಗೆ ಅಡ್ಡ ಬರುತ್ತದೆ, ಅಂಟಿಸಿದ್ದು ಮೊದಲು ಮುರಿಯುವುದೂ ಅದೇ. ಪೀಠದ ತಳವನ್ನು ನಡುವೆ ಒಂದು ಮಿಲಿಮೀಟರಿನಷ್ಟು ತಗ್ಗಿಸಿ ಕಡೆದರೆ ಗೊಂಬೆ ಅಂಚಿನ ಮೇಲೆ ನಿಲ್ಲುತ್ತದೆ, ಅಲುಗಾಡುವುದಿಲ್ಲ. ಪೀಠವನ್ನು ಮೈಗೆ ಸೇರಿಸುವುದು ನಡುವಿನ 12 ಮಿ.ಮೀ ಗೂಟದಿಂದ, ಅಂಟು ಗೂಟಕ್ಕೆ ಮಾತ್ರ. ಮುಖಕ್ಕೆಲ್ಲ ಅಂಟು ಬಳಿದರೆ ಬೇರೆ ಬೇರೆ ದಿಕ್ಕಿನಲ್ಲಿ ಕುಗ್ಗುವ ಎರಡು ಮರಗಳು ಒಂದನ್ನೊಂದು ಎಳೆದು ಪೀಠವೇ ಬಿರುಕು ಬಿಡುತ್ತದೆ.

ಒಳಲಂಗಕ್ಕೂ ಬಳೆಗೂ ನಡುವೆ 2.2 ಮಿ.ಮೀ ಸಡಿಲ ಬಿಟ್ಟಿದೆ. ಲೇತಿನಿಂದ ಇಳಿಸಿದ ದಿನ ಇದು ಅತಿಯಾಯಿತು ಅನ್ನಿಸುತ್ತದೆ, ಕಡೆಯುವವರು ಅರ್ಧ ಮಿಲಿಮೀಟರಿಗೆ ತರೋಣ ಅನ್ನುತ್ತಾರೆ. ಬೇಡ. ಮರ ಒಣಗುವಾಗ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ಇವತ್ತು ಗುಂಡಾಗಿರುವ ಬಳೆ ಬೇಸಿಗೆಯಲ್ಲಿ ತುಸು ಮೊಟ್ಟೆಯಾಕಾರಕ್ಕೆ ಬರುತ್ತದೆ. ಒಳಲಂಗವೂ ಹಾಗೆಯೇ. ಎರಡರ ಉದ್ದನೆಯ ಕಡೆಗಳು ಅಡ್ಡಡ್ಡ ಬಂದ ದಿನ ಬಳೆ ಸಿಕ್ಕಿಹಾಕಿಕೊಳ್ಳುತ್ತದೆ. ಮಗು ಎಳೆಯುತ್ತದೆ, ಬಳೆ ಸೀಳುತ್ತದೆ. ಕೈಬಳೆಗೆ ಈ ಸಣ್ಣ ಮೊಟ್ಟೆಯಾಕಾರದಿಂದ ತೊಂದರೆಯಿಲ್ಲ, ಮಣಿಕಟ್ಟೇ ಗುಂಡಾಗಿಲ್ಲ. ಆದ್ದರಿಂದ ಸಡಿಲವನ್ನು ಒಳಗಿನ ಗೊಂಬೆಯ ಕಡೆಯಿಂದಲೇ ಬಿಟ್ಟುಕೊಡಬೇಕು. ಬೇರೆ ಸೈಜು ಬೇಕಾದಾಗ ಗೊಂಬೆಯ ಮೈಯಲ್ಲಿ ಒಳಲಂಗದ ವ್ಯಾಸ ಮಾತ್ರ ಬದಲಾಗಲಿ: 2-2ಕ್ಕೆ 52, 2-6ಕ್ಕೆ 58, 2-8ಕ್ಕೆ 61. ಬಳೆಗಳ ಹೊರವ್ಯಾಸ, ಪೀಠ ಅದಕ್ಕೆ ತಕ್ಕಷ್ಟು ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ. ತಲೆ, ಭುಜ ಹಾಗೆಯೇ ಇರಲಿ.

ಸೊಂಟ ಯಾಕೆ 36? ಇದು ಈ ಗೊಂಬೆಯಲ್ಲಿ ನಮಗೆ ತುಂಬ ಇಷ್ಟವಾದ ಲೆಕ್ಕ. 69ರ ಬಳೆಯಿಂದ 36ರ ಸೊಂಟಕ್ಕೆ ಹಾರಿದರೆ ನಡುವೆ ಬೋಳು ಮೆಟ್ಟಿಲು ಕಾಣುತ್ತದೆ, ಗೊಂಬೆ ಬಕೆಟ್ಟಿನೊಳಗೆ ನಿಂತ ಹಾಗೆ. ಅದನ್ನು ಮುಚ್ಚುವ ಡಾಬೇ ಹಾರ. ಕತ್ತಿನ ಬುಡಕ್ಕೆ ಕೂರುವ ಮಣಿಸರಕ್ಕೆ 41-42 ಸೆಂ.ಮೀ ಬೇಕು. 8 ಮಿ.ಮೀ ಮಣಿಗಳನ್ನು 36ರ ಸೊಂಟಕ್ಕೆ ಸುತ್ತಿದರೆ ದಾರ ಹಾಯುವ ವ್ಯಾಸ 44, ಒಂದು ಸುತ್ತಿಗೆ 138 ಮಿ.ಮೀ, ಮೂರು ಸುತ್ತಿಗೆ 415. ಐವತ್ತೊಂದು ಮಣಿ, ಐವತ್ತೆರಡನೆಯ ಜಾಗದಲ್ಲಿ ಕೊಂಡಿ. ಮೂರು ಸಾಲು ಸೇರಿ 24 ಎತ್ತರ, ಸೊಂಟದ 26ರಲ್ಲಿ ಸರಿಯಾಗಿ ಕೂರುತ್ತದೆ. ಕತ್ತಿಗೇ ಸುತ್ತಿದ್ದರೆ ಆರು ಏಳು ಸುತ್ತು ಬೇಕಾಗಿ ತಲೆಯೇ ಮುಚ್ಚಿಹೋಗುತ್ತಿತ್ತು. ಮಣಿ ಸೇರಿದ ಸೊಂಟದ ಅಗಲ 52, ಅಂದರೆ ಡಾಬನ್ನು ಬಿಚ್ಚದೆಯೇ ಬಳೆಗಳನ್ನು ತೆಗೆಯಬಹುದು. 45 ಸೆಂ.ಮೀ ಹಾರ ಬೇಕೆನ್ನುವವರು ಸೊಂಟವನ್ನು 40ಕ್ಕೆ ಏರಿಸಿದರೆ ಮಣಿ ಸೇರಿ 56 ಆಗಿ ಬಳೆ ಉಜ್ಜುತ್ತದೆ. ಅದರ ಬದಲು 6 ಮಿ.ಮೀ ಮಣಿ, 42ರ ಸೊಂಟ ಇಟ್ಟುಕೊಂಡರೆ ಹಾರ 45 ಸೆಂ.ಮೀ ಆಗುತ್ತದೆ, ಹೊರಗಿನ ಅಗಲ 54ರಲ್ಲೇ ನಿಲ್ಲುತ್ತದೆ. ಮಣಿಸಾಲು ಜಾರದಂತೆ ಸೊಂಟದಲ್ಲಿ ಮೂರು ತೆಳು ತೋಡು ಕಡೆಯಿರಿ. 36 ಅನ್ನುವುದು ಆ ತೋಡಿನ ತಳದ ಅಳತೆ.

ಜುಮುಕಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 20 ಮಿ.ಮೀ ಅಗಲದ, ಒಳಗೆ ಟೊಳ್ಳು ಮಾಡಿದ ಮರದ ಜುಮುಕಿ ಎರಡು ಗ್ರಾಂ ಕೂಡ ತೂಗುವುದಿಲ್ಲ, ಗೊಂಬೆಯ ಕಿವಿಯಲ್ಲಿ ದೊಡ್ಡದಾಗಿ ಕಂಡರೂ ಜುಮುಕಿಗೆ ಅದು ಒಪ್ಪುತ್ತದೆ. ಬಳೆ ತೆಗೆಯುವ ಮುಂಚೆ ಇವನ್ನು ಬಿಚ್ಚಬೇಕು, ಅಷ್ಟೆ. ಕೊಕ್ಕೆಯ ಲೋಹದಲ್ಲಿ ನಿಕ್ಕಲ್ ಬಿಡುಗಡೆಯಾದರೆ ಹಲವರ ಕಿವಿ ಕೆಂಪಾಗಿ ಕೆರೆಯುತ್ತದೆ. ಟೈಟಾನಿಯಂ ಕೊಕ್ಕೆಗೆ ಸ್ವಲ್ಪ ಹೆಚ್ಚು ದುಡ್ಡಾದರೂ ಅದನ್ನೇ ಹಾಕಿ. ಉಂಗುರವನ್ನು ಮಾತ್ರ ಸೇರಿಸಬೇಡಿ. 16-17 ಮಿ.ಮೀ ಒಳವ್ಯಾಸದ ಮರದ ಉಂಗುರಕ್ಕೆ ಬಲ ಬರುವಷ್ಟು ದಪ್ಪ ಕೊಟ್ಟರೆ ಪಕ್ಕದ ಬೆರಳು ಮಡಚಲಾಗದು, ಕೊಡದಿದ್ದರೆ ಮುರಿಯುತ್ತದೆ.

ಮರ, ಉಳಿ, ಅರಗು

ಮರ ಆಲೆಮರವೇ ಆಗಲಿ. ಹಾಲೆ ಅಂತಲೂ ಕರೆಯುವ, ಬೆಳ್ಳಗಿನ, ಒತ್ತೊತ್ತಾದ ಎಳೆಯ ಈ ಮರ ಉಳಿಗೆ ಬೆಣ್ಣೆಯಂತೆ ಒಗ್ಗುತ್ತದೆ, ಅರಗಿನ ಬಣ್ಣ ಅದರ ಮೇಲೆ ಮಂಕಾಗುವುದಿಲ್ಲ. ಕೊರಡುಗಳನ್ನು ತೊಗಟೆ ತೆಗೆದು ನೆರಳಿನಲ್ಲಿ ಎರಡು ಮೂರು ತಿಂಗಳು ಒಣಗಿಸಬೇಕು. ತೇವಾಂಶ ಶೇ. 10-12ಕ್ಕೆ ಬಂದಿದೆಯೇ ಎಂದು ತಿಳಿಯಲು ಮೀಟರಿಲ್ಲದಿದ್ದರೆ ಒಂದೇ ಕೊರಡನ್ನು ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದೆ ನಿಂತರೆ ಆ ಊರಿನ ಹವೆಗೆ ಅದು ಒಣಗಿದಂತೆ. ಹಸಿ ಉಳಿದ ಮರ ಎರಡು ಕಡೆ ಕಾಡುತ್ತದೆ: ಬಳೆ ಕಡೆದ ಮೇಲೆ ಸೀಳು ಬಿಡುತ್ತದೆ, ಅರಗು ಹಚ್ಚುವಾಗ ಬಿಸಿಗೆ ಒಳಗಿನ ತೇವ ಆವಿಯಾಗಿ ಬಣ್ಣದಲ್ಲಿ ಗುಳ್ಳೆ, ಬಿಳಿ ಮಂಕು ಏಳುತ್ತದೆ. ಬಳೆಯ ಕೊರಡಿನಲ್ಲಿ ತಿರುಳು ಗೋಡೆಯೊಳಗೆ ಬರದಂತೆ ನೋಡಿಕೊಳ್ಳಿ. ತಿರುಳು ನಟ್ಟನಡುವೆ ಇದ್ದು ಟೊಳ್ಳು ಮಾಡುವಾಗ ಹೋದರೆ ಸರಿ, ಗೋಡೆಯಲ್ಲಿ ಉಳಿದರೆ ಸೀಳು ಅಲ್ಲಿಂದಲೇ.

ಕಡೆಯುವ ಕ್ರಮದಲ್ಲಿ ಬಳೆ ಮೊದಲು, ಗೊಂಬೆ ಆಮೇಲೆ. ಬಳೆಯ ಒಳವ್ಯಾಸವನ್ನು ಮೊದಲು ಮುಗಿಸಿ, ಒಳ ಅಂಚುಗಳೆರಡನ್ನೂ 2 ಮಿ.ಮೀ ಸುತ್ತಿನಲ್ಲಿ ಗುಂಡಗೆ ಮಾಡಿ. ಈ ಗುಂಡು ಗೆಣ್ಣಿಗೂ ಬೇಕು, ಗೊಂಬೆಯ ಮುಖಕ್ಕೂ ಬೇಕು. ನಂತರ ಬಳೆಯನ್ನು ತುಸು ಇಳಿಜಾರಾಗಿ ಕಡೆದ ಒಂದು ಮರದ ಅಚ್ಚಿನ ಮೇಲೆ ಬಿಗಿಯಾಗಿ ಏರಿಸಿ ಹೊರಮೈ ಕಡೆಯುವುದು, ಅಲ್ಲೇ ಅರಗು ಹಚ್ಚುವುದು. ಅಚ್ಚಿಗೆ ಸುತ್ತಿಗೆಯಲ್ಲಿ ಬಡಿದು ಏರಿಸಿದರೆ ಬಳೆ ಆಗಲೇ ಕಣ್ಣಿಗೆ ಕಾಣದಂತೆ ಸೀಳಿರುತ್ತದೆ; ಅಂಗೈಯಲ್ಲಿ ಒತ್ತುವಷ್ಟೇ ಸಾಕು. ಆರೂ ಬಳೆ ಮುಗಿದ ಮೇಲೆ ಅವುಗಳಲ್ಲಿ ಅತಿ ಚಿಕ್ಕ ಒಳವ್ಯಾಸ ಯಾವುದೋ ಅದನ್ನು ಹಿಡಿದು ಒಳಲಂಗ ಕಡೆಯಿರಿ.

ಅರಗನ್ನು ಬಣ್ಣದ ಜೊತೆ ಬಿಸಿಯಲ್ಲಿ ನಾದಿ ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ತಿರುಗುವ ಮರಕ್ಕೆ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಕರಗಿ ಹತ್ತುತ್ತದೆ, ಒಣಗಿದ ತಾಳೆಗರಿ ಹಿಡಿದರೆ ಎಲ್ಲ ಕಡೆ ಸಮನಾಗಿ ಹರಡಿ ಹೊಳಪು ಬರುತ್ತದೆ. ಇಲ್ಲಿ ಗೊಂಬೆ-ಬಳೆಗೆ ಮಾತ್ರ ಬೇಕಾದ ಎಚ್ಚರ ಒಂದಿದೆ: ಬಳೆಯ ಮೇಲ್ಮುಖ ಕೆಳಮುಖಗಳಿಗೆ, ಅಂದರೆ ಒಂದರ ಮೇಲೊಂದು ಕೂರುವ ಜಾಗಕ್ಕೆ, ಅರಗು ಹಚ್ಚಬಾರದು. ಒಳಲಂಗದ ಮೇಲೂ ಬಣ್ಣ ತೆಳ್ಳಗಿರಲಿ, ಬಳೆಯ ಒಳಮೈ ಬರೀ ಮರವಾಗಿರಲಿ. ಅರಗು 65-70 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಆದರೆ ಒತ್ತಡದಲ್ಲಿ ಒಂದಕ್ಕೊಂದು ತಾಗಿ ಕೂತಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಅಂಟಿಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಬೀರುವಿನಲ್ಲಿಟ್ಟ ಗೊಂಬೆಯ ಲಂಗ ಇಡಿಯಾಗಿ ಒಂದೇ ತುಂಡಾಗಿಬಿಡುವುದು ಹೀಗೆ. ಬಲವಂತವಾಗಿ ಬಿಡಿಸಿದರೆ ಒಂದರ ಬಣ್ಣ ಇನ್ನೊಂದಕ್ಕೆ ಕಿತ್ತು ಬರುತ್ತದೆ. ಬರೀ ಮರದ ಮುಖಗಳು ಅಂಟುವುದಿಲ್ಲ. ಜೊತೆಗೆ ಬಣ್ಣದ ಪಟ್ಟಿಗಳ ನಡುವೆ ಸಣ್ಣ ಬಿಳಿ ಗೆರೆ ಕಂಡು ಲಂಗದ ನಿರಿಗೆಯ ಅಂಚಿನಂತೆ ತೋರುತ್ತದೆ.

ಬಳೆಯ ಮೇಲೆ ಹೂವು, ನವಿಲು, ನಿರಿಗೆ ಬರೆಯುವ ಆಸೆ ಬರುತ್ತದೆ. ಬಳೆ ತಿರುಗುತ್ತದೆ. ಗೊಂಬೆಗೆ ಮತ್ತೆ ತೊಡಿಸಿದಾಗ ಆರು ಬಳೆಯ ನವಿಲು ಆರು ದಿಕ್ಕಿಗೆ ನೋಡುತ್ತವೆ. ಸುತ್ತಲೂ ಒಂದೇ ಆಗಿರುವ ಪಟ್ಟಿ, ಗೆರೆ ಇವಷ್ಟೇ ಸಾಕು, ಲೇತಿನ ಕೈಗೆ ಅವು ತಾವಾಗಿ ಒಲಿಯುತ್ತವೆ. ಕಣ್ಣು ಮೂಗು ಬರೆಯುವುದು ಮುಖದಲ್ಲಿ ಮಾತ್ರ, ಅದಕ್ಕೂ ಒಂದು ಉಪಾಯ ಬೇಕು. ದಿನಾ ತಲೆಯ ಮೇಲಿಂದ ಬಳೆ ಇಳಿಸಿ ಏರಿಸಿದರೆ ಕಣ್ಣಿನ ಬಣ್ಣ ಉಜ್ಜಿ ಹೋಗುತ್ತದೆ. ತಲೆ ಕಡೆಯುವಾಗ ಕಣ್ಣಿನ ಮಟ್ಟದಲ್ಲಿ ಒಂದು ಮಿಲಿಮೀಟರ್ ಆಳದ, ಅಗಲವಾದ ತಗ್ಗು ಪಟ್ಟಿ ಇಟ್ಟು ಅದರೊಳಗೆ ಕಣ್ಣು ಬರೆದರೆ ಬಳೆಯ ಅಂಚು ಹಣೆಗೂ ಗಲ್ಲಕ್ಕೂ ತಾಗಿ ಹಾದುಹೋಗುತ್ತದೆ, ಕಣ್ಣಿಗೆ ತಾಗುವುದಿಲ್ಲ. ಉಬ್ಬಿದ ಮೂಗು ಬೇಡ.

ಬಾಯಿಗೆ ಹೋಗುವ ವಸ್ತು

ಅರಗು ನೈಸರ್ಗಿಕ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ಅರಗು ನೈಸರ್ಗಿಕವಾದ ಮಾತ್ರಕ್ಕೆ ಅದರೊಳಗಿನ ಬಣ್ಣ ನೈಸರ್ಗಿಕವಾಗಬೇಕಿಲ್ಲ. ಹಳದಿ, ಕಿತ್ತಳೆ ಬಣ್ಣದ ಅಗ್ಗದ ಪುಡಿಗಳಲ್ಲಿ ಸೀಸದ ಕ್ರೋಮೇಟ್ ಇರಬಹುದು, ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆಟಿಕೆಯ ಭಾರತೀಯ ಮಾನಕ ಐಎಸ್ 9873ರ ಮೂರನೇ ಭಾಗದ ಪ್ರಕಾರ ಆಟಿಕೆಯಿಂದ ಬಿಟ್ಟುಕೊಳ್ಳುವ ಸೀಸ ಕಿಲೋಗೆ 90 ಮಿಲಿಗ್ರಾಂ, ಕ್ಯಾಡ್ಮಿಯಂ 75 ದಾಟಬಾರದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೂ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆಯ ಉತ್ಪನ್ನಗಳಿಗೂ ಅದರಿಂದ ವಿನಾಯಿತಿ ಸಿಕ್ಕಿತು. ಗುರುತು ಹಾಕುವುದರಿಂದ ವಿನಾಯಿತಿ ಇರಬಹುದು, ಮಗುವಿನ ಹೊಟ್ಟೆಗೆ ವಿನಾಯಿತಿ ಇಲ್ಲ. ಕಲಬೆರಕೆಯಿಲ್ಲದ ಅರಿಶಿನ, ನೀಲಿಗಿಡದ ನೀಲಿ, ಇವೆರಡೂ ಬೆರೆತ ಹಸಿರು ಹಚ್ಚುವುದಾದರೆ ನಿಶ್ಚಿಂತೆ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ ಅನ್ನುವುದನ್ನು ಕೊಳ್ಳುವವರಿಗೆ ತಿಳಿಸಿ, ಕಿಟಕಿಯ ಹತ್ತಿರ ಇಡಬೇಡಿ ಎಂದು ಹೇಳಿ. ಪುಡಿಬಣ್ಣ ಹಾಕುವುದಾದರೆ ಪ್ರತಿ ಹೊಸ ಚೀಲಕ್ಕೂ ಪ್ರಯೋಗಾಲಯದ ವರದಿ ಬೇಕೇಬೇಕು.

ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿಸರ, ಜುಮುಕಿ ಕೊಡುವ ಹಾಗಿಲ್ಲ. 31.7 ಮಿ.ಮೀ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಆ ವಯಸ್ಸಿಗೆ ಅಪಾಯ, 8 ಮಿ.ಮೀ ಮಣಿ ಎಲ್ಲಿ, ಅದೆಲ್ಲಿ. ಅವರಿಗೆ ಬಳೆ ಮತ್ತು ಒಳಗಿನ ಗೊಂಬೆ ಮಾತ್ರ, ಸೊಂಟಕ್ಕೆ ಬಣ್ಣದ ಪಟ್ಟಿ. ದೊಡ್ಡ ಮಕ್ಕಳ ಹಾರಕ್ಕೂ ಲೋಹದ ಕೊಂಡಿ ಬೇಡ. ಮಂಚದ ಗೂಟಕ್ಕೋ ಜಾರುಬಂಡೆಗೋ ಸಿಕ್ಕಿಕೊಂಡರೆ ಹಾರ ತಾನಾಗಿ ಬಿಟ್ಟುಕೊಳ್ಳಬೇಕು. ಒಂದು ತುದಿಗೆ ಮರದ ಗುಂಡಿ, ಇನ್ನೊಂದಕ್ಕೆ ಎಲಾಸ್ಟಿಕ್ ದಾರದ ಕುಣಿಕೆ. ಎರಡೂವರೆ ಕಿಲೋ ಎಳೆತಕ್ಕೆ ಕುಣಿಕೆ ಗುಂಡಿಯಿಂದ ಜಾರಬೇಕು. ಎರಡೂವರೆ ಲೀಟರ್ ನೀರು ತುಂಬಿದ ಕ್ಯಾನನ್ನು ಹಾರಕ್ಕೆ ತೂಗುಹಾಕಿ ನೋಡಿ. ಬೀಳದಿದ್ದರೆ ಗುಂಡಿಯನ್ನು ಅರ್ಧರ್ಧ ಮಿಲಿಮೀಟರ್ ಕಿರಿದು ಮಾಡುತ್ತ ಬನ್ನಿ. ಮಣಿಗಳ ನಡುವೆ ಗಂಟು ಹಾಕಿ ಪೋಣಿಸಿದರೆ ದಾರ ಹರಿದಾಗ ಒಂದೇ ಮಣಿ ಉದುರುತ್ತದೆ, ಐವತ್ತೊಂದಲ್ಲ. ಗಂಟಿಗೂ ಜಾಗ ಬೇಕಾದ್ದರಿಂದ ಆಗ ಮಣಿಗಳ ಎಣಿಕೆ ಐದಾರು ಇಳಿಯುತ್ತದೆ.

ಪುಟ್ಟ ಕೈಗೆ ಮಾಡುವಾಗ ದೊಡ್ಡ ಗೊಂಬೆಯ ನಕ್ಷೆಯನ್ನು ಹಾಗೆಯೇ ಕಿರಿದು ಮಾಡಿದರೆ ಸಾಲದು. 1-12 ಸೈಜಿನ ಬಳೆ 44.5 ಮಿ.ಮೀ, ಒಳಲಂಗ 42.3, ತಲೆ 34, ಭುಜ 36 ಮಾಡಬಹುದು. ಬಳೆಯ ಗೋಡೆ ಮಾತ್ರ 6ಕ್ಕಿಂತ ಇಳಿಯಬಾರದು, ಮಕ್ಕಳು ಬಳೆಯನ್ನು ನೆಲಕ್ಕೆ ಬಡಿಯುತ್ತಾರೆ, ಉರುಳಿಸುತ್ತಾರೆ. 30ರ ಸೊಂಟಕ್ಕೆ 6 ಮಿ.ಮೀ ಮಣಿ ಮೂರು ಸುತ್ತು ಬಂದರೆ ಸುಮಾರು 34 ಸೆಂ.ಮೀ ಹಾರ, ಐದಾರು ವರ್ಷದ ಮಗುವಿನ ಕತ್ತಿಗೆ ಸರಿ.

ಬಳಸುವವರಿಗೆ ಒಂದು ಚೀಟಿ ಜೊತೆಗಿಡಬೇಕು, ಅದರಲ್ಲಿ ಮೊದಲ ಸಾಲು ಸ್ಯಾನಿಟೈಸರ್ ಬಗ್ಗೆ. ಆಲ್ಕೋಹಾಲಿನಲ್ಲಿ ಅರಗು ಕರಗುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಆರುವ ಮುಂಚೆ ಬಳೆ ತೊಟ್ಟರೆ ಬಣ್ಣ ಚರ್ಮಕ್ಕೆ ಹತ್ತುತ್ತದೆ, ಹೊಳಪು ಹೋಗುತ್ತದೆ. ಸೆಂಟಿಗೂ ಇದೇ ಮಾತು. ಪಾತ್ರೆ ತೊಳೆಯುವಾಗ, ಸ್ನಾನಕ್ಕೆ ತೆಗೆದಿಡಬೇಕು, ಸೋಪಿನ ಕ್ಷಾರ ಮತ್ತು ಬಿಸಿನೀರು ಎರಡೂ ಅರಗಿಗೆ ಆಗುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು. ಒರೆಸಲು ಒಣ ಹತ್ತಿಬಟ್ಟೆ ಸಾಕು.

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಈ ಗೊಂಬೆಗೆ ತಾನಾಗಿ ಒಂದು ಜಾಗವಿದೆ. ಮಗಳ ಮದುವೆಗೆ ಪಟ್ಟದ ಗೊಂಬೆ ಕೊಡುವುದೂ ಬಾಗಿನದಲ್ಲಿ ಬಳೆ ಇಡುವುದೂ ನಮ್ಮಲ್ಲಿ ರೂಢಿಯಿದೆ. ಎರಡೂ ಒಂದರಲ್ಲೇ ಬಂದಂತಾಯಿತು. ಹಬ್ಬದಲ್ಲಿ ಮೂರು ಮೆಟ್ಟಿಲ ಲಂಗ ಉಟ್ಟು ನಿಂತದ್ದು, ಮಿಕ್ಕ ದಿನಗಳಲ್ಲಿ ಒಳಲಂಗದಲ್ಲಿ ಮಗುವಿನ ಕೈಯಲ್ಲಿ ಆಟಕ್ಕಿರುತ್ತದೆ, ಬಳೆ ಅಮ್ಮನ ಕೈಯಲ್ಲಿರುತ್ತದೆ. ಉಪ್ಪರಿಗೆಯ ಪೆಟ್ಟಿಗೆಯಲ್ಲಿ ಹತ್ತಿಯಲ್ಲಿ ಸುತ್ತಿ ಇಡುವುದಾದರೆ ಬಳೆಗಳನ್ನು ತೆಗೆದು, ನಡುನಡುವೆ ಕಾಗದವಿಟ್ಟು, ಬೇರೆಯಾಗಿ ಇಡಿ.

ಪ್ರತಿ ಬಳೆಯ ಕೆಳಮುಖದಲ್ಲಿ, ಅರಗಿಲ್ಲದ ಬರೀ ಮರದ ಮೇಲೆ, ಸೈಜು ಮತ್ತು ಹೊರವ್ಯಾಸವನ್ನು ಪೆನ್ಸಿಲಿನಲ್ಲಿ ಬರೆದಿಡುವುದು ಒಳ್ಳೆಯದು: 2-4, 76. ಪೀಠದ ತಳದಲ್ಲಿ ಒಳಲಂಗದ ಅಳತೆ. ಒಂದು ಬಳೆ ಕಳೆದರೆ ಅಥವಾ ಸೀಳಿದರೆ ಯಾವ ಲೇತಿನವರ ಬಳಿ ಹೋದರೂ ಈ ಎರಡು ಅಂಕಿ ಮತ್ತು 12 ಮಿ.ಮೀ ಎತ್ತರ ಹೇಳಿದರೆ ಅದೊಂದನ್ನೇ ಕಡೆದುಕೊಡುತ್ತಾರೆ. ಬಣ್ಣ ಹೊಂದಿಸಲು ಅದರ ಜೋಡಿಯನ್ನು ಜೊತೆಗೆ ಕೊಂಡೊಯ್ಯಿರಿ, ಮಾಸಿದ ಬಣ್ಣಕ್ಕೆ ಹೊಸ ಕಡ್ಡಿ ಹೊಂದದಿದ್ದರೆ ಎರಡನ್ನೂ ಕೆರೆದು ಒಟ್ಟಿಗೆ ಅರಗು ಹಚ್ಚಿಸಿ.